ಹಿಲ್ಯಾ, ರೌಹಾ

ಕೆಮಿ ಊರು. ರಾತ್ರಿ ಎರಡು. ಸೂರ್ಯ ಮಲಗಿಲ್ಲ,
ಇವರೂ ಮಲಗಿಲ್ಲ.

ಸತ್ತುಹೋದ ಇಬ್ಬರು ಅಜ್ಜಿಯರ ಹೆಸರಿಟ್ಟೆವು:
ಹಿಲ್ಯಾ ಅಂದರೆ ಸದ್ದಿಲ್ಲದವಳು, ರೌಹಾ ಅಂದರೆ ನೆಮ್ಮದಿ.
ಬರೆದುಕೊಳ್ಳುತ್ತ ದಾದಿ ಯಾಕೆ ನಕ್ಕಳೋ
ಈಗ ತಿಳಿಯುತ್ತಿದೆ.

ಒಬ್ಬಳ ಹೊಟ್ಟೆ ಕಲ್ಲು. ಮೊಣಕಾಲು ಮಡಚಿ ಮಡಚಿ
ಸೈಕಲ್ ತುಳಿಸುತ್ತೇನೆ, ಎಲ್ಲಿಗೂ ಹೋಗದ ಸೈಕಲ್.
ಇನ್ನೊಬ್ಬಳು ಓಸ್ಮೋನ ಮುಂಗೈ ಮೇಲೆ ಬೋರಲು.
ಕಾಗದದ ಗಿರಣಿಯ ಪಾಳಿ ಮುಗಿಸಿ ಬಂದವನು
ಬೂಟು ಕೂಡ ಬಿಚ್ಚಿಲ್ಲ.

ಸೌನಾದ ಕೆಳಮೆಟ್ಟಿಲು, ಆರುತ್ತಿರುವ ಬೆಚ್ಚಗು.
ಅಲ್ಲಿ ಕೂತೆವು. ಪುರ್ರೆಂದು
ರೌಹಾಳದೊಂದು ಹೂಸು!
ಇಷ್ಟು ಖುಷಿ ನಮ್ಮ ಮದುವೆಯ ದಿನವೂ ಇರಲಿಲ್ಲ.

ಹಿಲ್ಯಾ ಇನ್ನೂ ಅಳುತ್ತಿದ್ದಾಳೆ.
ಓಸ್ಮೋ ಗೋಡೆಗೊರಗಿ ನಿದ್ದೆಹೋದ.
ಅವನ ಕೈ ಮಾತ್ರ ತೂಗುತ್ತಲೇ ಇದೆ,
ಮಕ್ಕಳಿಬ್ಬರೂ ನನ್ನ ಮಡಿಲಲ್ಲಿ.