ಬಚ್ಚಲಿನ ಇರುವೆ

ಕೂಳೂರು ಸಂಕ ದಾಟುವಾಗ
ಬಾಯಲ್ಲಿದ್ದ ವಿಶಿಲ್ ಊದದೆಯೇ ಬಿತ್ತಂತೆ.
ಚಿಲ್ಲರೆ ಚೀಲ ಎದೆಗವಚಿಕೊಂಡು
ಫುಟ್‌ಬೋರ್ಡಿನಲ್ಲೇ ಕೂತರಂತೆ ಇವರು.
ಡ್ರೈವರ್ ಅಝೀಝ್ ಯಾವ ಸ್ಟಾಪಿಗೂ ನಿಲ್ಲಿಸದೆ
ಇಡೀ ಬಸ್ಸನ್ನು, ಜನ ಸಮೇತ,
ಆಸ್ಪತ್ರೆಯ ಬಾಗಿಲಿಗೆ ತಂದ.
ಒಬ್ಬರೂ ಬೈಯಲಿಲ್ಲವಂತೆ.
ಮೂವತ್ತು ವರ್ಷದ ಸರ್ವಿಸಿನಲ್ಲಿ ಅದೊಂದು ದಿನ.

ಬೀಡಿ ಸೇದುತ್ತಾರಾ ಎಂದು ಕೇಳಿದರು.
ಇಲ್ಲ ಎಂದೆ, ನನ್ನ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡು.
ರಾತ್ರಿ ಪಾಳಿಯ ಸಿಸ್ಟರ್ ಇವರ ಬೆರಳು ಚುಚ್ಚಿದಳು.
"ಶುಗರ್ ಎಷ್ಟು ವರ್ಷದಿಂದ ಉಂಟು ಅಮ್ಮಾ?"
ಶುಗರ್ ಇಲ್ಲ ಎಂದೆ,
ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ಹಾಗೆ.
ಅವಳು ಯಂತ್ರವನ್ನು ನನ್ನ ಕಡೆ ತಿರುಗಿಸಿದಳು.
ಮುನ್ನೂರ ನಲವತ್ತೆರಡು.

ಎದೆನೋವಿನ ಗಾಬರಿಗೂ ಏರುವುದುಂಟು, ಎಂದರು ಡಾಕ್ಟರು,
ಮೂರು ತಿಂಗಳ ಲೆಕ್ಕ ಹೇಳುವ
ಇನ್ನೊಂದು ಪರೀಕ್ಷೆ ಉಂಟು, ನೋಡುವ.

ನೋಡಿದರು. ಹನ್ನೊಂದು ದಾಟಿತ್ತು.
ದಿನದ ಕಲೆಕ್ಷನ್‌ನಲ್ಲಿ ಎರಡು ರೂಪಾಯಿ ಕಮ್ಮಿ ಬಂದರೆ
ತನ್ನ ಕಿಸೆಯಿಂದ ಹಾಕುವ ಮನುಷ್ಯ.
ರಕ್ತ ಬೇರೆಯೇ ಪುಸ್ತಕ ಬರೆದಿಟ್ಟಿತ್ತು.

ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಎರಡು ಬಾಟಲಿ ನೀರು.
ಸೆಕೆ ಎಂದೆವು. ಮಂಗಳೂರಲ್ಲಿ ಯಾರಿಗಿಲ್ಲ ಸೆಕೆ?
ರಾತ್ರಿ ನಾಲ್ಕು ಸಲ ಏಳುವುದು
ಹಗಲಿಡೀ ತಡೆದುಕೊಂಡದ್ದಕ್ಕೆ ಎಂದೆವು;
ಟ್ರಿಪ್ಪಿನ ನಡುವೆ ಕಂಡಕ್ಟರ್ ಎಲ್ಲಿಗೆ ಹೋಗುವುದು?
ಹೆಬ್ಬೆರಳ ಗಾಯ ಮಾಯಲಿಲ್ಲ, ಚಪ್ಪಲಿ ಬದಲಿಸಿದೆವು.
ಬೆಲ್ಟಿಗೆ ಹೊಸ ತೂತು ಬಿತ್ತು.
ಹೊಟ್ಟೆ ಕರಗಿತು ಮಾರಾಯ್ರೇ ಎಂದು
ನಕ್ಕವಳು ನಾನೇ.

ಮತ್ತೆ ಆ ಇರುವೆಗಳು.
ಬಚ್ಚಲಿನ ಮೂಲೆಗೆ, ಬಾಗಿಲ ಸಂದಿಯಿಂದ,
ಬೀಡಿಗೆ ಸುತ್ತುವ ನೂಲಿನಷ್ಟು ಸಪೂರ ಸಾಲು.
ಫಿನಾಯಿಲ್ ಹೊಯ್ದೆ. ಮರುದಿನ ಬಂದವು.
ಸೀಮೆಎಣ್ಣೆ ಹೊಯ್ದೆ. ಬಂದವು.
ಹೇಳಲು ಬಂದವರನ್ನು
ತಿಂಗಳುಗಟ್ಟಲೆ ಪೊರಕೆಯಲ್ಲಿ ತಳ್ಳಿದೆ.

ಕಣ್ಣು ಬಿಟ್ಟವರು ಮೊದಲು ಕೇಳಿದ್ದು
ಆ ಟ್ರಿಪ್ಪಿನ ದುಡ್ಡು ಎಂತಾಯಿತು ಅಂತ.
ಅಝೀಝ್ ಕಟ್ಟಿದ್ದಾನೆ ಎಂದೆ.
ಸೂಜಿ ಹಿಡಿಯುವುದನ್ನು ಸಿಸ್ಟರ್ ನನಗೆ ಕಲಿಸಿದಳು.
ನಿಮ್ಮ ಕೈ ನಡುಗುವುದೇ ಇಲ್ಲ ಎಂದಳು.
ದಿನಕ್ಕೆ ಎಂಟುನೂರು ಬೀಡಿ ಕಟ್ಟುವ ಕೈ ಎಂದು ಹೇಳಲಿಲ್ಲ.

ಬೆಳಗ್ಗೆ ಬಂದು ಮಿಂದು ಹೋಗುತ್ತೇನೆ ಈಗ;
ಮನೆಯಲ್ಲಿ ಬೇರೆ ಯಾರೂ ಇಲ್ಲ.
ಇವರು ಆಸ್ಪತ್ರೆ ಸೇರಿ ಇಂದಿಗೆ ಆರು ದಿನ.
ಒಂದು ಚೊಂಬು ನೀರು ಕುಡಿದೆ, ಇನ್ನೊಂದು ಕುಡಿದೆ,
ಬಚ್ಚಲಿನ ದೀಪ ಹಾಕಿದೆ.

ಸಾಲು ಹಾಗೆಯೇ ಇದೆ.