ಅರ್ಧ ಕಿಲೋ ಎಲೆ

ಉಪ್ಪಳದ ಬೀಡಿ ಡಿಪೋ. ಇರುವುದೊಂದೇ ಕಂಪ್ಯೂಟರು,
ಅದರೊಳಗೆ ಇಬ್ಬರು ಬಾಡಿಗೆಗೆ.
ಜಗಲಿಯಲ್ಲಿ ತಕ್ಕಡಿಯ ಪಕ್ಕ ಕೂತ ಚರಣನ ಲಾಗಿನ್ನಿನ ಹೆಸರು "ತೂಕ".
ಹಿಂದಿನ ಕೋಣೆಯಿಂದ ತಂತಿಯಲ್ಲಿ ಹೊಕ್ಕುವವಳು "ಲೆಕ್ಕ",
ಅದು ನಾನು, ಲೋಲಾಕ್ಷಿ.

ತಕ್ಕಡಿ ಆಡಿದ್ದು ನನಗೆ ಕೇಳಬೇಕು,
ಅಷ್ಟೇ ವ್ಯವಹಾರ.
ಸೋಮವಾರ ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ
ಕೇಳಲಿಲ್ಲ.
ಅಲ್ಲಿ ಅರ್ಧ ಕಿಲೋ ಎಲೆ,
ನನ್ನ ಪರದೆಯಲ್ಲಿ: ಆ ಹೆಸರಿನ ವಸ್ತು ಇಲ್ಲ.

ಬೀಫಾತುಮ್ಮ ಕಿಟಕಿಯ ಸರಳಿಗೆ ಮೂಗು ಒತ್ತಿದರು:
"ಇಲ್ಲ ಅಂದರೆ? ನನ್ನ ಕೈಯಲ್ಲುಂಟಲ್ಲ!"

ಕುಂಬಳೆಯಿಂದ ಸಿನಾನ್ ಬಂದ, ಹೆಲ್ಮೆಟ್ ತೆಗೆಯದೆ ಕೂತ.
"ವಸ್ತು ಉಂಟು ಅಕ್ಕ. ತೂಕದವ ತನ್ನ ಮನೆಯೊಳಗೇ
ಹೆಸರಿಟ್ಟು ಕೂತಿದ್ದಾನೆ.
ಊರಿಗೆಲ್ಲ ಕಾಣುವಲ್ಲಿ ಇಡಲು ಹೋದರೆ
ವಿಂಡೋಸ್ ಕೇಳುತ್ತದೆ, ನೀನು ಯಾರು?"

"ನೋಡಲಿಕ್ಕೆ ನನಗೂ ಆ ಹಕ್ಕು ಬೇಕಾ?"
"ಬೇಡ. ಇಟ್ಟವ ಬೇಡ ಅನ್ನದಿದ್ದರೆ ಸಾಕು."

ನಾನು ಕೂಲಿಯ ಪಟ್ಟಿ ನೋಡುತ್ತಿದ್ದೆ.
ಎಲ್ಲರೂ ತೆರೆದು ಓದುವ ಹೆಸರುಗಳು, ಇಟ್ಟವರು ಯಾರೋ.
ಗುಡ್ಡೆಮನೆಯ ದೇಯಿ
ಪಿಂಚಣಿ ಕಾರ್ಡಿನ ಮಲಯಾಳದಲ್ಲಿ ದೇವಿ.
ಹಾಗೆ ಕರೆದರೆ ಆಕೆ ತಿರುಗುವುದಿಲ್ಲ.

ಸಿನಾನ್ ಉದ್ದದ ಪಟ್ಟಿಯೊಂದನ್ನು ತೆರೆದ:
ಗಡಿಯಾರ ತಿದ್ದುವ ಹಕ್ಕು,
ಯಂತ್ರ ಆರಿಸುವ ಹಕ್ಕು,
ಯಾರ ಸೊತ್ತನ್ನೂ ತನ್ನದೆನ್ನುವ ಹಕ್ಕು.
"ಅದು ಬೇಡ" ಅಂದೆ. ನಕ್ಕ.
ಜಾಗತಿಕ ವಸ್ತುಗಳನ್ನು ಸೃಷ್ಟಿಸುವ ಹಕ್ಕು,
ಅಲ್ಲಿ ನಿಲ್ಲಿಸಿ "ತೂಕ" ಎಂದು ಬರೆದ.
ದೊಡ್ಡ ಮಾತಾಯಿತು, ಅರ್ಧ ಕಿಲೋ ಎಲೆಗೆ.

ಆದರೂ ಬರಲಿಲ್ಲ.
"ಕೊಟ್ಟದ್ದು ಅವನಿಗಿನ್ನೂ ಗೊತ್ತಿಲ್ಲ.
ಒಮ್ಮೆ ಹೊರಗೆ ಹೋಗಿ ಬರಬೇಕು."
ಚರಣ್ ಲಾಗ್ ಔಟ್ ಒತ್ತಿದ. ಮತ್ತೆ, ಏನನ್ನಿಸಿತೋ,
ತಾನೂ ಎದ್ದು ಮೆಟ್ಟಿಲಿಳಿದು
ಬಿಸಿಲಲ್ಲಿ ಒಂದು ಗಳಿಗೆ ನಿಂತು
ಒಳಗೆ ಬಂದ.

ಸೊನ್ನೆ ಬಿಂದು ಐನೂರು.

ಬೀಫಾತುಮ್ಮ ಎಲೆ ಕಟ್ಟಿಕೊಂಡು ಬಸ್ಸಿಗೆ ಓಡಿದರು.
ತಟ್ಟೆಯಲ್ಲಿ ಮುರಿದ ಅಂಚೊಂದು ಉಳಿದಿರಬೇಕು,
ನನ್ನ ಪರದೆಯಲ್ಲಿ ಎರಡು ಗ್ರಾಂ,
ಯಾರ ಲೆಕ್ಕಕ್ಕೂ ಸೇರದೆ.
ಅಳಿಸೋಣವೆಂದರೆ ನಾನು ಓದುವವಳು ಮಾತ್ರ.
ಗೋಡೆಯಾಚೆಗೆ ಕೂಗಿದೆ:
ಚರಣಾ, ತಟ್ಟೆಗೊಮ್ಮೆ ಊದು ಮಾರಾಯ.