ಶನಿವಾರದ ಕೈ

ನನ್ನ ಬಳಿ ಮೂವತ್ತೊಂದು ಗಡಿಯಾರಗಳಿವೆ.
ಒಂದೂ ಬೆಲೆ ಬಾಳುವುದಿಲ್ಲ. ಕಳ್ಳ ಬಂದರೆ
ಕೂತು ಎಲ್ಲಕ್ಕೂ ಕೀಲಿ ಕೊಟ್ಟು ಹೋಗಬೇಕು, ಅಷ್ಟೆ.

ಮೂವತ್ತು ವರ್ಷ ತ್ಬಿಲಿಸಿಯಲ್ಲಿ ಟ್ರಾಲಿಬಸ್ಸು ಓಡಿಸಿದವನು ನಾನು, ಜುಂಬೆರ್.
ಆಗ ಇದ್ದದ್ದು ಒಂದೇ ಗಡಿಯಾರ, ಡಿಪೋದ್ದು,
ಗೋಡೆಯ ಮೇಲೆ ಕೂತು ಸಂಬಳ ಕಡಿಯುತ್ತಿತ್ತು.
ಈಗ ನನ್ನ ಸರದಿ. ದಿನಕ್ಕೊಂದನ್ನು ಆರಿಸುತ್ತೇನೆ,
ಲಮಾರಾ ಕಿವಿಯೋಲೆ ಆರಿಸುವ ಹಾಗೆ,
ಅವಳಿಗಿಂತ ನಿಧಾನವಾಗಿ.

ಸೋಮವಾರಕ್ಕೆ ರಾಕೆತಾ. ಮುಂದೋಡುವ ಚಾಳಿ ಅದಕ್ಕೆ,
ಕಟ್ಟಿದ ದಿನ ಬ್ರೆಡ್ಡು ಒಲೆಯಿಂದ ಇಳಿಯುವಾಗಲೇ ಸಿಗುತ್ತದೆ.
ಬುಧವಾರದ ಪೊಬೇದಾ ಹೆಸರಿಗೆ ವಿಜಯ,
ನಡೆಯುವುದು ಸೋತವನ ಹಾಗೆ;
ಅದನ್ನು ನಂಬಿ ಹೋದರೆ ಬ್ಯಾಂಕು ಮುಚ್ಚಿರುತ್ತದೆ,
ಮೆಟ್ಟಿಲ ಮೇಲೆ ಮಾತ್ರ ಒಳ್ಳೆಯ ಬಿಸಿಲು.
ಇನ್ನೊಂದಿದೆ, ಮಲಗಿಸಿದರೆ ನಿಲ್ಲುತ್ತದೆ,
ಮಗ್ಗುಲು ಬದಲಿಸಿದರೆ ಹೊರಡುತ್ತದೆ, ನನ್ನ ಸೊಂಟದಂತೆ.

ಬೆನ್ನ ಮೇಲೆ ಬರಹವಿರಬೇಕು, ಅದೊಂದೇ ನನ್ನ ನಿಯಮ.
‘ಚಹಾ ಕಾರ್ಖಾನೆಯ ಗೆಳತಿಯರಿಂದ ಎತೇರಿಗೆ.’
‘ಕುಸ್ತಿ, ಎರಡನೇ ಸ್ಥಾನ, ರುಸ್ತಾವಿ.’
‘ತಡವಾಗಿ ಬರುವ ಅಳಿಯನಿಗೆ, ಮಾವ.’
ಓದಿ ಕಟ್ಟಿಕೊಂಡರೆ ಅಕ್ಷರ ಚರ್ಮಕ್ಕೆ ತಾಗಿ ಬೆಚ್ಚಗೆ ಕೂರುತ್ತದೆ.
ಸಂಜೆ ಬಿಚ್ಚಿದಾಗ ಮಣಿಕಟ್ಟಿನಲ್ಲಿ ಅಳಿಯ ಉಳಿದಿರುತ್ತಾನೆ,
ತಿರುವುಮುರುವಾಗಿ, ಊಟ ಮುಗಿಯುವ ತನಕ.

ಶನಿವಾರದ ಮಾತು ಬೇರೆ.

ಒಣ ಸೇತುವೆಯ ಸಂತೆಯಲ್ಲಿ, ಕಂಬಳಿಯ ಮೇಲೆ
ಸ್ಕ್ರೂಡ್ರೈವರು, ಪದಕ, ಕ್ಯಾಮೆರಾ, ಗೊಂಬೆಯ ಒಂದು ಕಾಲು.
ನಡುವೆ ಒಂದೇ ಗಡಿಯಾರ, ನಡೆಯುತ್ತಿತ್ತು.
ಮಾರುವ ಸಾಮಾನಿಗೆ ಯಾರಾದರೂ ಕೀಲಿ ಕೊಡುತ್ತಾರೆಯೆ?
ತಿರುಗಿಸಿ ನೋಡಿದೆ: ‘ಗೆರೊಂತಿಗೆ.’
ಕೊಟ್ಟವರ ಹೆಸರಿಲ್ಲ, ಕಾರಣವಿಲ್ಲ.
ನಲವತ್ತು ಎಂದ ಮುದುಕ. ಮೂವತ್ತು ಎಂದೆ. ಜಗ್ಗಲಿಲ್ಲ.
ನಲವತ್ತನ್ನೂ ಎಣಿಸಿಕೊಂಡ ಮೇಲೆ ಐದು ವಾಪಸು ಕೊಟ್ಟ.
‘ಹೊಸ ಪಟ್ಟಿಗೆ. ಇದು ನನ್ನ ಬೆವರು ಕುಡಿದಿದೆ.’

ಮುಂದಿನ ಶನಿವಾರ ಕೇಳಿದ: ಎಷ್ಟು ಹಿಂದೆ ಬೀಳುತ್ತಿದೆ?
ದಿನಕ್ಕೆ ಎರಡು ನಿಮಿಷ.
‘ನನ್ನ ಬಳಿಯೂ ಅಷ್ಟೇ’ ಎಂದ. ಮುಖ ಸಡಿಲವಾಯಿತು,
ಕೊಟ್ಟ ಮನೆಯಲ್ಲಿ ಮಗಳು ಉಂಡುಟ್ಟು ಸುಖವಾಗಿದ್ದಾಳೆಂದು
ಸುದ್ದಿ ಬಂದವನ ಹಾಗೆ.

ಅಂದಿನಿಂದ ಶನಿವಾರ ಅದನ್ನೇ ಕಟ್ಟುತ್ತೇನೆ.
ಕೊಳ್ಳುವುದೇನೂ ಇಲ್ಲದಿದ್ದರೂ ಸೇತುವೆಗೆ ಹೋಗುತ್ತೇನೆ,
ಅಂಗಿಯ ತೋಳು ಮಡಿಚಿ, ಜನವರಿಯ ಚಳಿಯಲ್ಲೂ.
ರಿಪೇರಿಯ ಅರ್ಮೆನಾಕ್ ಭೂತಗನ್ನಡಿ ಏರಿಸಿ ಹೇಳಿದ,
ಕೂದಲೆಳೆಯಷ್ಟು ತಿರುಗಿಸಿದರೆ ಸರಿಹೋಗುತ್ತದೆ, ದುಡ್ಡು ಬೇಡ.
ಬೇಡ ಎಂದೆ. ಆ ಎರಡು ನಿಮಿಷ ಗೆರೊಂತಿಯದು,
ನಲವತ್ತರಲ್ಲಿ ಸೇರಿರಲಿಲ್ಲ.

ಒಮ್ಮೆ ಮರೆತೆ.
ಅವಸರದಲ್ಲಿ ಕೈಗೆ ಸಿಕ್ಕಿದ್ದು ಅಳಿಯ.
ಗೆರೊಂತಿ ನನ್ನ ಮಣಿಕಟ್ಟು ನೋಡಿದ,
ಪ್ಲಮ್ ಹಣ್ಣಿನ ರೇಟು ಏರಿದ್ದರ ಬಗ್ಗೆ
ಬಹಳ ಹೊತ್ತು ಮಾತಾಡಿದ.
ಬಸ್ಸು ಹತ್ತಿ ಮನೆಗೆ ಹೋದೆ, ಕಟ್ಟಿಕೊಂಡು ತಿರುಗಿ ಬಂದೆ.
ಕಂಬಳಿ ಇದ್ದಲ್ಲಿ ಕಂಬಳಿಯಷ್ಟು ಒಣನೆಲ,
ಸುತ್ತಲೂ ಆಗ ತಾನೆ ಬಿದ್ದ ತುಂತುರು.

ಆ ವಾರವನ್ನು ಮೂವತ್ತೊಂದರಲ್ಲಿ ಯಾವುದೂ
ಬೇಗ ಮುಗಿಸಿಕೊಡಲಿಲ್ಲ, ರಾಕೆತಾ ಕೂಡ.

ಶನಿವಾರ ಅವನಿದ್ದ. ಮಾತಾಡದೆ ಕೈ ಚಾಚಿದೆ.
ಮುಳ್ಳಿನ ಕಡೆ ನೋಡಲಿಲ್ಲ ಅವನು;
ನಾಡಿ ಹಿಡಿಯುವವನಂತೆ ಎಳೆದುಕೊಂಡು
ನನ್ನ ಮಣಿಕಟ್ಟಿಗೆ ಕಿವಿ ಇಟ್ಟ.
ಅವನ ಟೊಪ್ಪಿಗೆಯಲ್ಲಿ ನುಸಿಗುಳಿಗೆಯ ವಾಸನೆ.
ಪದಕ ಹಿಡಿದಿದ್ದ ಪ್ರವಾಸಿಯೊಬ್ಬ ಬೆಲೆ ಕೇಳಿದ,
ಕಾದ, ಪದಕವನ್ನು ಇದ್ದಲ್ಲೇ ಇಟ್ಟು ಹೋದ.
ನನಗೆ ಮೂಗು ತುರಿಸುತ್ತಿತ್ತು. ಎಡಗೈ ಅವನ ಬಳಿ,
ಬಲಗೈಯಲ್ಲಿ ಲಮಾರಾ ಹೇಳಿದ್ದ ಟೊಮೇಟೊ ಚೀಲ.
ಕೆಳಗಿಡಲಿಲ್ಲ.